ಒಂದೇ ಅಳತೆಗೆ ಎರಡು ಬ್ರಾ ಸೈಜ್ ಬರ್ತಿದೆ, ಯಾವುದನ್ನ ನಂಬೋದು?

ಗೊಂದಲದಗೂಡು:
ಕೇಳೋಕೆ ಸ್ವಲ್ಪ ಮುಜುಗರ, ಆದ್ರೂ ಕೇಳ್ತಿದೀನಿ. ಎಷ್ಟೋ ವರ್ಷದಿಂದ 36ಬಿ ಹಾಕ್ತಿದೀನಿ, ಯಾರೂ ಅಳೆದು ಹೇಳಿದ್ದಲ್ಲ, ಅಮ್ಮ ಒಂದ್ಸಲ ತಂದ್ಕೊಟ್ಟಿದ್ದು, ಅದೇ ನಂಬರ್ ಮುಂದುವರೀತು ಅಷ್ಟೇ. ಈಗ ಏನಾಗ್ತಿದೆ ಅಂದ್ರೆ ಮಧ್ಯಾಹ್ನದ ಹೊತ್ತಿಗೆ ಹಿಂದಿನ ಬ್ಯಾಂಡ್ ಬೆನ್ನು ಹತ್ತಿ ಮೇಲೆ ಕೂತಿರತ್ತೆ, ಸ್ಟ್ರಾಪ್ ಎಷ್ಟು ಬಿಗಿ ಮಾಡಿದ್ರೂ ಜಾರತ್ತೆ, ಕಪ್ ಮೇಲ್ಗಡೆ ಖಾಲಿ ಖಾಲಿ. ನಿನ್ನೆ ಟೇಪ್ ತಗೊಂಡು ಅಳೆದೆ. ಎದೆ ಕೆಳಗೆ 30 ಇಂಚು, ಎದೆ ಮೇಲೆ ದಪ್ಪ ಇರೋ ಕಡೆ 34 ವರೆ. ಆನ್‌ಲೈನ್ ಚಾರ್ಟ್ ಒಂದ್ರಲ್ಲಿ 34ಎ ಅಂತ ಬಂತು, ಇನ್ನೊಂದ್ರಲ್ಲಿ 30ಡಿ! ಡಿ ಅಂದ್ರೆ ತುಂಬಾ ದೊಡ್ಡದು ಅಲ್ವಾ? ನನಗೆ ಅಷ್ಟೊಂದೇನಿಲ್ಲ. ಅಳೆಯೋದ್ರಲ್ಲೇ ತಪ್ಪು ಮಾಡ್ತಿದೀನಾ?

ಸೂಜಿದಾರ:
ಅಳತೆ ತಪ್ಪಿಲ್ಲಮ್ಮ, ಆ ಎರಡು ಚಾರ್ಟ್ ಲೆಕ್ಕ ಹಾಕೋ ರೀತಿನೇ ಬೇರೆ. ಹಳೇ ಲೆಕ್ಕದಲ್ಲಿ ಎದೆ ಕೆಳಗಿನ ಅಳತೆಗೆ 4 ಇಂಚು ಸೇರಿಸ್ತಾರೆ, ಬೆಸ ಸಂಖ್ಯೆ ಬಂದ್ರೆ 5. ಅದಕ್ಕೇ ನಿಮ್ಮ 30 ಹೋಗಿ 34 ಆಯ್ತು. ಬಟ್ಟೆ ಹಿಗ್ಗದೇ ಇದ್ದ ಕಾಲದ ಲೆಕ್ಕ ಅದು. ಹೊಸ ಲೆಕ್ಕದಲ್ಲಿ ಏನೂ ಸೇರಿಸಲ್ಲ, ಕೆಳಗೆ 30 ಇದ್ರೆ ಬ್ಯಾಂಡ್ 30. ಆಮೇಲೆ ಎದೆ ಅಳತೆಯಿಂದ ಬ್ಯಾಂಡ್ ನಂಬರ್ ಕಳೀರಿ, 1 ಇಂಚು ವ್ಯತ್ಯಾಸ ಇದ್ರೆ ಎ, 2 ಬಿ, 3 ಸಿ, 4 ಡಿ. ನಿಮ್ದು ನಾಲ್ಕೂವರೆ, ಅದಕ್ಕೆ ಡಿ.

ಇನ್ನು ಡಿ ಅಂದ ತಕ್ಷಣ ಹೆದರಬೇಡಿ. ಆ ಅಕ್ಷರಕ್ಕೆ ಒಂಟಿಯಾಗಿ ಅರ್ಥನೇ ಇಲ್ಲ, ಪಕ್ಕದ ನಂಬರ್ ಜೊತೆ ಸೇರಿದ್ರೆ ಮಾತ್ರ ಅರ್ಥ. 30ಡಿ, 32ಸಿ, 34ಬಿ ಮೂರಕ್ಕೂ ಕಪ್ ಒಳಗಿನ ಜಾಗ ಹೆಚ್ಚುಕಮ್ಮಿ ಒಂದೇ, ಇದನ್ನೇ ಸಿಸ್ಟರ್ ಸೈಜ್ ಅನ್ನೋದು. ಬ್ಯಾಂಡ್ ಒಂದು ಸೈಜ್ ಇಳಿದ್ರೆ ಕಪ್ ಒಂದು ಅಕ್ಷರ ಏರಬೇಕು. ನೀವು ಈಗ ಹಾಕ್ತಿರೋ 36ಬಿ ಕಪ್ಪು 34ಸಿ ಕಪ್ಪಿನಷ್ಟು, ಅಂದ್ರೆ ನಿಮಗೆ ಬೇಕಾಗಿರೋದಕ್ಕಿಂತ ಒಂದು ಕಪ್ ಜಾಸ್ತಿ. ಖಾಲಿ ಕಾಣದೇ ಇನ್ನೇನಾಗತ್ತೆ!

ಇನ್ನೊಂದು ತಮಾಷೆ ನೋಡಿ. ಎಷ್ಟೋ ಲೇಬಲ್ ಮೇಲೆ 34 ಪಕ್ಕದಲ್ಲೇ 75 ಅಂತಾನೂ ಇರತ್ತೆ. ಆ 75 ಎದೆ ಕೆಳಗಿನ ಅಳತೆ, ಸೆಂಟಿಮೀಟರಲ್ಲಿ. ಇಂಚಿಗೆ ತಿರುಗಿಸಿ, 29 ವರೆ ಬರತ್ತೆ. ಅಂದ್ರೆ ಆ ಕಂಪನಿ 34 ಅಂತ ಬರೆದು ಹೊಲಿದಿರೋದು 30 ಇಂಚಿನ ಮೈಗೇ. ಹಂಗಾಗಿ ತಗೋಬೇಕಾದ್ರೆ ಆಯಾ ಕಂಪನಿ ಚಾರ್ಟಲ್ಲಿ ಎದೆ ಕೆಳಗಿನ ಅಳತೆ ಎಷ್ಟು ಅಂತ ಹಾಕಿದಾರೆ ಅಂತ ಮೊದಲು ನೋಡಿ, ಬರೀ 34, 36 ನೋಡಿ ತಗೋಬೇಡಿ.

ಸಂಜೆಮಲ್ಲಿಗೆ:
ಅಳೆಯೋವಾಗ ಪ್ಯಾಡ್ ಇಲ್ಲದ ತೆಳು ಬ್ರಾ ಹಾಕ್ಕೊಂಡಿದ್ರಾ? ಪ್ಯಾಡ್ ಇದ್ರೆ ಅದರ ದಪ್ಪಾನೂ ಸೇರ್ಕೊಂಡುಬಿಡತ್ತೆ. ಕೆಳಗಿನ ಅಳತೆ ಉಸಿರು ಬಿಟ್ಟು ಟೇಪ್ ಬಿಗಿಯಾಗಿ ಹಿಡಿದು ತಗೋಬೇಕು, ಮೇಲಿನದು ಸಡಿಲವಾಗಿ, ಎದೆ ಒತ್ತಬಾರದು. ಕನ್ನಡಿಗೆ ಪಕ್ಕ ತಿರುಗಿ ನಿಂತು ನೋಡಿ, ಬೆನ್ನಲ್ಲಿ ಟೇಪ್ ಕೆಳಗೆ ಜಾರಿರತ್ತೆ, ನನಗಂತೂ ಪ್ರತಿ ಸಲ ಜಾರಿರತ್ತೆ. ಎದೆ ಸ್ವಲ್ಪ ಮೆತ್ತಗಿದ್ರೆ ಮುಂದಕ್ಕೆ ಬಗ್ಗಿ ಇನ್ನೊಂದ್ಸಲ ಅಳೀರಿ, ನಿಂತಾಗ ಸಿಗದೇ ಇರೋದು ಅಲ್ಲಿ ಸಿಗತ್ತೆ, ಎರಡರ ಮಧ್ಯದ್ದು ಇಟ್ಕೊಳ್ಳಿ. ಹಾಂ, ಮುಟ್ಟಿಗೆ ಮುಂಚಿನ ದಿನಗಳಲ್ಲಿ ಅಳೀಬೇಡಿ, ಆಗ ಎದೆ ಊದಿರತ್ತೆ.

ಬಿಸಿಲಕೋಲು:
ಲೆಕ್ಕ ಎಲ್ಲ ಸರಿ, ಆದ್ರೆ ನನ್ನ ಕೇಳಿದ್ರೆ ಟೇಪ್ ಎಲ್ಲಿಂದ ಶುರು ಮಾಡ್ಬೇಕು ಅಂತ ಹೇಳತ್ತೆ ಅಷ್ಟೇ, ತೀರ್ಮಾನ ಮಾಡೋದು ಮೈ. ಹೊಸ ಬ್ರಾನ ಕೊನೇ ಹುಕ್ಕಿಗೆ, ಅಂದ್ರೆ ಎಲ್ಲಕ್ಕಿಂತ ಸಡಿಲದ್ದಕ್ಕೆ ಹಾಕಿದಾಗ ಸರಿ ಕೂರಬೇಕು. ಎಲಾಸ್ಟಿಕ್ ಹಿಗ್ಗುತ್ತಾ ಹೋದಂಗೆ ಒಳಗಿನ ಹುಕ್ಕಿಗೆ ಹೋಗೋಕೆ ಅಂತಾನೇ ಆ ಸಾಲು ಇಟ್ಟಿರೋದು. ತಗೊಂಡ ದಿನಾನೇ ಒಳಗಿನ ಹುಕ್ಕಿಗೆ ಹಾಕ್ಕೊಂಡ್ರೆ ಮುಂದೆ ಏನ್ ಮಾಡ್ತೀರಾ? ಹಾಕ್ಕೊಂಡ ಮೇಲೆ ಮುಂದೆ ಬಗ್ಗಿ, ಕಂಕುಳ ಕಡೆ ಹೋಗಿರೋದನ್ನೆಲ್ಲ ಕೈಯಲ್ಲಿ ಕಪ್ಪಿನೊಳಗೆ ತುಂಬ್ಕೊಳ್ಳಿ, ಎಷ್ಟೋ ಜನ ಇದನ್ನ ಮಾಡಲ್ಲ, ಆಮೇಲೆ ಕಪ್ ದೊಡ್ಡದಾಯ್ತು ಅಂತಾರೆ. ಈಗ ಕೈ ಎತ್ತಿ ನೋಡಿ. ಬ್ಯಾಂಡ್ ಮೇಲೆ ಹೋದ್ರೆ ದೊಡ್ಡದು ಅಂತ. ವೈರ್ ಇರೋದಾದ್ರೆ ನಡುವಿನ ಭಾಗ ಎದೆಮೂಳೆಗೆ ಅಂಟಿ ಕೂರಬೇಕು, ಗಾಳೀಲಿ ನಿಂತಿದ್ರೆ ಕಪ್ ಚಿಕ್ಕದಿರಬಹುದು. ಭಾರ ಹೊರೋದು ಬ್ಯಾಂಡು, ಸ್ಟ್ರಾಪ್ ಅಲ್ಲ. ಭುಜದಲ್ಲಿ ಗೆರೆ ಬೀಳ್ತಿದ್ರೆ ಸ್ಟ್ರಾಪ್ ಬೈಬೇಡಿ ಪಾಪ, ಬ್ಯಾಂಡ್ ಕೆಲಸ ಮಾಡ್ತಿಲ್ಲ.

ಮೌನಿ_ಅಲ್ಲ:
ನನಗೆ ಎಡಗಡೆ ಒಂಚೂರು ದೊಡ್ಡದು, ಒಂದು ಕಡೆ ಸರಿ ಆದ್ರೆ ಇನ್ನೊಂದು ಕಡೆ ಲೂಸು. ಇದಕ್ಕೇನ್ ಮಾಡೋದು?

ಸೂಜಿದಾರ:
@ಮೌನಿ_ಅಲ್ಲ ಎರಡೂ ಒಂದೇ ಸಮ ಇರೋರೇ ಕಮ್ಮಿ. ದೊಡ್ಡದಕ್ಕೆ ಸರಿ ಹೋಗೋ ಕಪ್ ತಗೊಳ್ಳಿ, ಚಿಕ್ಕ ಕಡೆ ಸ್ಟ್ರಾಪ್ ಸ್ವಲ್ಪ ಎಳೀರಿ. ತೆಗೆಯೋಕೆ ಬರೋ ಪ್ಯಾಡ್ ಇದ್ರೆ ದೊಡ್ಡ ಕಡೆದು ತೆಗೆದುಬಿಡಿ. ಆದ್ರೆ ಮೊದಲಿಲ್ಲದ ವ್ಯತ್ಯಾಸ ಇದ್ದಕ್ಕಿದ್ದಂಗೆ ಬಂದಿದ್ರೆ ಡಾಕ್ಟರಿಗೆ ತೋರಿಸಿ.

ಗೊಂದಲದಗೂಡು:
ಎಲ್ರಿಗೂ ಥ್ಯಾಂಕ್ಸ್. ಮೂರು ತರಿಸಿ ಹಾಕಿ ನೋಡ್ದೆ. 34ಎ ಬ್ಯಾಂಡ್ ಪರವಾಗಿಲ್ಲ, ಕಪ್ ಪಕ್ಕದಲ್ಲಿ ಉಕ್ಕತ್ತೆ. ಬೇರೆ ಕಂಪನಿದು 32ಸಿ ಕೊನೇ ಹುಕ್ಕಿಗೆ ಹಾಕಿದ್ರೂ ಉಸಿರು ಕಟ್ಟತ್ತೆ, ಲೇಬಲ್ ತಿರುಗಿಸಿ ನೋಡಿದ್ರೆ 70 ಅಂತಿದೆ, ಇಂಚಲ್ಲಿ 27 ವರೆ! ಅಕ್ಕ ಹೇಳಿದ್ದು ಆಗ ತಲೆಗೆ ಹೋಯ್ತು. ಅದೇ ಕಂಪನಿದು 34ಬಿ ಸರಿ ಕೂತಿದೆ, ಬೆಳಿಗ್ಗೆಯಿಂದ ಹಾಕ್ಕೊಂಡಿದೀನಿ, ಒಂದ್ಸಲಾನೂ ಹಿಂದೆ ಕೈ ಹಾಕಿ ಎಳ್ಕೊಂಡಿಲ್ಲ. ಅಮ್ಮನೂ ನನ್ನ ಹಂಗೇ 36 ಅಂತಾನೇ ಹಾಕ್ತಾರೆ, ಈ ವಾರ ಅವರನ್ನ ಹಿಡ್ಕೊಂಡು ಅಳೀಬೇಕು, ಬಿಡ್ತಾರೋ ಇಲ್ವೋ ಗೊತ್ತಿಲ್ಲ.