ಎಂಟು ವರ್ಷದ ಮಗಳಿಗೆ 'ಡಾಕ್ಟರ್ ಹೂ' ತೋರಿಸಬಹುದೇ?

ಪ್ರಶ್ನೆ (ನವನಗರ, ಬಾಗಲಕೋಟೆ)

ಎಲ್ಲರಿಗೂ ನಮಸ್ಕಾರ. ಏಳನೆಯ ತರಗತಿಯ ನನ್ನ ಮಗ ಈ ಬೇಸಿಗೆ ರಜೆಯಲ್ಲಿ ಬಿಬಿಸಿಯ 'ಡಾಕ್ಟರ್ ಹೂ' ಧಾರಾವಾಹಿಯನ್ನು 2005ರ ಕಂತುಗಳಿಂದ ನೋಡಲು ಶುರುಮಾಡಿದ್ದಾನೆ. ನೀಲಿ ಪೆಟ್ಟಿಗೆಯೊಂದರಲ್ಲಿ ಕಾಲದ ಹಿಂದಕ್ಕೂ ಮುಂದಕ್ಕೂ ಓಡಾಡುವ ಆ ಕಥೆ ಅವನಿಗೆ ಬಹಳ ಹಿಡಿಸಿದೆ. ಈಗ ಎಂಟು ವರ್ಷದ ತಂಗಿಯೂ ಜೊತೆಗೆ ಕೂರುತ್ತೇನೆಂದು ಹಟ ಹಿಡಿದಿದ್ದಾಳೆ. ಪೌರಾಣಿಕ ಧಾರಾವಾಹಿಗಳಲ್ಲಿ ರಾಕ್ಷಸರ ರುಂಡ ಹಾರಿದರೂ ಮಿಸುಕದ ಈ ಹುಡುಗಿ, ಕರೆಂಟ್ ಹೋದರೆ ಮಾತ್ರ ಪಡಸಾಲೆಯಿಂದ ಅಡುಗೆಮನೆಗೆ ಒಬ್ಬಳೇ ಬರುವುದಿಲ್ಲ. ಅತ್ತೆಯವರು ಅದು ದೆವ್ವದ ಕಥೆ, ಬೇಡವೇ ಬೇಡ ಎನ್ನುತ್ತಾರೆ. ನಮ್ಮ ಯಜಮಾನರು ವಿಜ್ಞಾನದ ಕಥೆಯಲ್ಲವೇ, ನೋಡಲಿ ಬಿಡು ಎನ್ನುತ್ತಾರೆ. ಪರದೆಯ ಮೇಲೆ ಕಾಣಿಸುವ ವಯಸ್ಸಿನ ಗುರುತನ್ನು ನಂಬಿ ತೀರ್ಮಾನಿಸಬಹುದೇ, ಬೇರೆ ಏನನ್ನಾದರೂ ಗಮನಿಸಬೇಕೇ ಎಂಬುದನ್ನು ನೋಡಿದವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ವಿಜ್ಞಾನ ಶಿಕ್ಷಕಿ, ವಿಜಯಪುರ)

ಅಕ್ಕನವರೇ, 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಒಟಿಟಿ ಸಂಸ್ಥೆಗಳು ತಮ್ಮ ಕಾರ್ಯಕ್ರಮಗಳನ್ನು ಯು, ಯು/ಎ 7+, 13+, 16+ ಮತ್ತು ಎ ಎಂದು ತಾವೇ ವಿಂಗಡಿಸಬೇಕು. 13+ ಹಾಗೂ ಅದರ ಮೇಲಿನವಕ್ಕೆ ಪೋಷಕರು ಬೀಗ ಹಾಕುವ ಸೌಲಭ್ಯವನ್ನೂ ಒದಗಿಸಬೇಕು. ರಕ್ತ, ಬೈಗುಳ, ಬೆತ್ತಲೆ ದೃಶ್ಯಗಳ ಮಟ್ಟಿಗೆ ಆ ಗುರುತು ಉಪಯುಕ್ತವೇ. ಆದರೆ 2007ರ 'ಬ್ಲಿಂಕ್' ಎಂಬ ಕಂತನ್ನು ನೋಡಿ: ಅದರಲ್ಲಿ ಹನಿ ರಕ್ತವಿಲ್ಲ. ಕಲ್ಲಿನ ದೇವದೂತರ ಮೂರ್ತಿಗಳಿವೆ. ನೀವು ದಿಟ್ಟಿಸುತ್ತಿರುವಷ್ಟು ಹೊತ್ತು ಅವು ಕಲ್ಲೇ, ಕಣ್ಣು ಮಿಟುಕಿಸಿದರೆ ಹತ್ತಿರ ಬಂದಿರುತ್ತವೆ, ತಾವು ಮುಟ್ಟಿದವರನ್ನು ಹಿಂದಿನ ಯಾವುದೋ ಕಾಲಕ್ಕೆ ತಳ್ಳಿಬಿಡುತ್ತವೆ. ಅದನ್ನು ನೋಡಿದ ನಮ್ಮಣ್ಣನ ಮಗ ಬಾದಾಮಿಯ ಮೂರನೆಯ ಗುಹೆಯಲ್ಲಿ, ಆದಿಶೇಷನ ಮೇಲೆ ಕುಳಿತ ವಿಷ್ಣುವಿನ ಎದುರು, ಕಂಬಕ್ಕೆ ಬೆನ್ನು ಹಚ್ಚಿ ನಿಂತು, ಕಣ್ಣಲ್ಲಿ ನೀರು ಬರುವವರೆಗೂ ರೆಪ್ಪೆ ಬಡಿಯಲಿಲ್ಲ. ಐಹೊಳೆ, ಪಟ್ಟದಕಲ್ಲುಗಳ ನಡುವೆ ಬೆಳೆಯುವ ಮಕ್ಕಳಿಗೆ ಈ ಭಯ ಎಲ್ಲಿ ಹೋದರೂ ಎದುರಾಗುತ್ತದೆ!

ನಿಮ್ಮ ಯಜಮಾನರ ಮಾತಿಗೂ ಒಂದು ಉತ್ತರವಿದೆ. 1963ರ ನವೆಂಬರ್ 23ರಂದು ಈ ಧಾರಾವಾಹಿ ಮೊದಲು ಆರಂಭವಾದಾಗ ಮಕ್ಕಳಿಗೆ ಇತಿಹಾಸ ಮತ್ತು ವಿಜ್ಞಾನವನ್ನು ಪರಿಚಯಿಸುವ ಉದ್ದೇಶ ಅದಕ್ಕೆ ಇದ್ದದ್ದು ನಿಜ; ಆದರೆ ಕೆಲವೇ ವಾರಗಳಲ್ಲಿ ಡೇಲೆಕ್‌ಗಳು ಎಂಬ, ಲೋಹದ ಕವಚದೊಳಗಿನ ಕ್ರೂರ ಅನ್ಯಗ್ರಹ ಜೀವಿಗಳು ಬಂದು, ಜನ ಅವುಗಳಿಗೇ ಮರುಳಾದರು. ಪಾಠದ ಬದಲಿಗೆ ತೋರಿಸುವಂಥದ್ದು ಇದಲ್ಲ.

ಉತ್ತರ 2 (ಇಬ್ಬರು ಮಕ್ಕಳ ತಂದೆ, ಬೆಳಗಾವಿ)

ಮೇಡಮ್ಮವರ ಮಾತನ್ನು ಒಪ್ಪಿಯೂ ನಾನು ತೋರಿಸಿ ಎಂದೇ ಹೇಳುತ್ತೇನೆ. ಭಯದ ಎಳೆಯೇ ಇಲ್ಲದ ಕಥೆಯನ್ನು ಮಕ್ಕಳು ಅರ್ಧಕ್ಕೇ ಬಿಟ್ಟು ಏಳುತ್ತಾರೆ. ಕಥೆ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಮಾತ್ರ ದೊಡ್ಡವರು ನೋಡಿಕೊಳ್ಳಬೇಕು. 1976ರಲ್ಲಿ ಇದೇ ಧಾರಾವಾಹಿಯ ಒಂದು ಕಂತು, ಕಥಾನಾಯಕ ಡಾಕ್ಟರ್‌ನ ತಲೆಯನ್ನು ನೀರಿನಲ್ಲಿ ಮುಳುಗಿಸಿ ಹಿಡಿದ ಚಿತ್ರವನ್ನು ಹಾಗೆಯೇ ಸ್ತಬ್ಧಗೊಳಿಸಿ ಮುಗಿದಿತ್ತು. ಮುಂದಿನ ಶನಿವಾರದವರೆಗೆ ಮಗುವಿನ ಮನಸ್ಸಿನಲ್ಲಿ ಆ ಚಿತ್ರವೇ ಉಳಿಯುತ್ತದೆಂದು ಟಿ.ವಿ.ಯಲ್ಲಿ ಬರುವ ಹಿಂಸೆ, ಅಶ್ಲೀಲತೆಗಳ ವಿರುದ್ಧ ಬ್ರಿಟನ್ನಿನಲ್ಲಿ ಚಳವಳಿ ನಡೆಸುತ್ತಿದ್ದ ಮೇರಿ ವೈಟ್‌ಹೌಸ್ ಎಂಬವರು ತಕರಾರು ತೆಗೆದರು, ಬಿಬಿಸಿ ಕ್ಷಮೆ ಕೇಳಬೇಕಾಯಿತು. ಅವರ ಉಳಿದ ತಕರಾರುಗಳು ಏನೇ ಇರಲಿ, ಈ ಒಂದು ಮಾತಿನಲ್ಲಿ ಹುರುಳಿದೆ.

ಈಗ 2005ರ 'ದಿ ಎಂಪ್ಟಿ ಚೈಲ್ಡ್' ಕಂತನ್ನು ತೆಗೆದುಕೊಳ್ಳಿ. 1941ರ ಲಂಡನ್‌ನಲ್ಲಿ ಬಾಂಬ್ ಬೀಳುತ್ತಿರುವಾಗ, ಅನಿಲ ಮುಖವಾಡ ತೊಟ್ಟ ಪುಟ್ಟ ಹುಡುಗನೊಬ್ಬ ಕಂಡಕಂಡವರನ್ನು ನೀನು ನನ್ನ ಅಮ್ಮನೇ ಎಂದು ಕೇಳುತ್ತಾ ತಿರುಗುತ್ತಾನೆ. ಅಲ್ಲಿಗೆ ನಿಲ್ಲಿಸಿ ಮಗುವನ್ನು ಮಲಗಿಸಿದರೆ ಆ ರಾತ್ರಿ ಯಾರಿಗೂ ನಿದ್ದೆಯಿಲ್ಲ. ಅದರ ಮುಂದಿನ ಭಾಗ 'ದಿ ಡಾಕ್ಟರ್ ಡಾನ್ಸಸ್'ನಲ್ಲಿ ಹುಡುಗನಿಗೆ ತಾಯಿ ಸಿಗುತ್ತಾಳೆ, ಮುಖವಾಡ ಕಳಚುತ್ತದೆ, ಒಬ್ಬರೂ ಸಾಯುವುದಿಲ್ಲ. ಆದ್ದರಿಂದ ಎರಡನ್ನೂ ಒಂದೇ ಮಧ್ಯಾಹ್ನ, ಪಕ್ಕದಲ್ಲಿ ಕುಳಿತು ನೋಡಿ. ಇನ್ನೊಂದು ಮಾತು: ಸಮಾಧಾನವೆಲ್ಲ ಅವಸರದ ಇಂಗ್ಲಿಷ್ ಸಂಭಾಷಣೆಯಲ್ಲಿ ಬರುತ್ತದೆ. ನಮ್ಮ ಮಕ್ಕಳಿಗೆ ಅದು ಪೂರ್ತಿ ತಿಳಿಯದೆ ಹೋದರೆ ಮುಖವಾಡವಷ್ಟೇ ನೆನಪಿನಲ್ಲಿ ಉಳಿಯುತ್ತದೆ. ನಡುನಡುವೆ ನಿಲ್ಲಿಸಿ, ಏನಾಯಿತೆಂದು ಕನ್ನಡದಲ್ಲಿ ಹೇಳಿ.

ಉತ್ತರ 3 (ಜಮಖಂಡಿ)

ಮಗಳಿಗಿಂತ ಮಗನ ಮೇಲೆಯೇ ಹೆಚ್ಚು ಕಣ್ಣಿಡಿ. ಇದೇ ಕಥಾಲೋಕದಿಂದ ಹುಟ್ಟಿದ 'ಟಾರ್ಚ್‌ವುಡ್' (2006) ಪೂರ್ತಿ ದೊಡ್ಡವರಿಗಾಗಿ ಮಾಡಿದ್ದು. 'ದಿ ಸಾರಾ ಜೇನ್ ಅಡ್ವೆಂಚರ್ಸ್' (2007) ಮಾತ್ರ ಮಕ್ಕಳ ವಾಹಿನಿಗೆಂದೇ ತಯಾರಾದದ್ದು; ತಂಗಿಗೆ ಅದೇ ಸೂಕ್ತ.

ಪ್ರಶ್ನೆ ಕೇಳಿದವರು

ಮೂವರಿಗೂ ಧನ್ಯವಾದಗಳು. ಮೊದಲು ನಾನೊಬ್ಬಳೇ ಕಂತನ್ನು ನೋಡಿ, ನಂತರ ಅವಳನ್ನು ಕೂರಿಸಿಕೊಳ್ಳುವುದೆಂದೂ 'ಬ್ಲಿಂಕ್' ಸದ್ಯಕ್ಕೆ ಬೇಡವೆಂದೂ ಮನೆಯಲ್ಲಿ ಮಾತಾಯಿತು. 'ಟಾರ್ಚ್‌ವುಡ್' ಎಲ್ಲಾದರೂ ಕಂಡರೆ ಬೀಗ ಹಾಕುತ್ತೇವೆ. ಅತ್ತೆಯವರು ಇನ್ನೂ ಒಪ್ಪಿಲ್ಲ. ಸಾರಾ ಜೇನ್ ಸರಣಿ ನಮ್ಮಲ್ಲಿ ಎಲ್ಲಿ ನೋಡಲು ಸಿಗುತ್ತದೆ ಎಂದು ಗೊತ್ತಿದ್ದವರು ಬರೆದರೆ ಉಪಕಾರವಾಗುತ್ತದೆ.