ಯಾರನ್ನು ವಿಷಲ್ ಬ್ಲೋವರ್ ಎನ್ನಬೇಕು?

ಪ್ರಶ್ನೆ

ಹಗರಣವೊಂದು ಬಯಲಾದಾಗಲೆಲ್ಲ ಸುದ್ದಿ ಪ್ರಕಟಿಸಿದ ಪತ್ರಕರ್ತರನ್ನೂ, ದೂರು ಕೊಟ್ಟ ನಾಗರಿಕರನ್ನೂ, ಪೊಲೀಸರಿಗೆ ಸುಳಿವು ನೀಡಿದವರನ್ನೂ ಸಾರಾಸಗಟಾಗಿ ವಿಷಲ್ ಬ್ಲೋವರ್ ಎಂದು ಬರೆಯುವುದನ್ನು ಕಾಣುತ್ತೇವೆ. ಈ ಬಳಕೆ ಸರಿಯೇ? ಸೇಡಿಗಾಗಿಯೋ ಹಣಕ್ಕಾಗಿಯೋ ಮಾಹಿತಿ ಕೊಟ್ಟವರಿಗೂ ಈ ಹೆಸರು ಸಲ್ಲುತ್ತದೆಯೇ? ತಿಳಿದವರು ವಿವರಿಸಬೇಕಾಗಿ ವಿನಂತಿ.

ಮೊದಲ ಉತ್ತರ

ಒಳಗಿನವರಾಗಿರುವುದೇ ಇಲ್ಲಿ ಮುಖ್ಯ ಲಕ್ಷಣ. ತಮ್ಮ ಕೆಲಸದ ನಿಮಿತ್ತ ತಿಳಿದುಬಂದ ಅಕ್ರಮವನ್ನು, ಅದರಿಂದ ಸಾರ್ವಜನಿಕರಿಗೆ ಹಾನಿಯಾಗುತ್ತದೆ ಎಂಬ ಕಾಳಜಿಯಿಂದ, ತಡೆಯಬಲ್ಲವರ ಗಮನಕ್ಕೆ ತರುವವರು ವಿಷಲ್ ಬ್ಲೋವರ್. ವಿಯೆಟ್ನಾಂ ಯುದ್ಧದ ಕುರಿತ ಅಮೆರಿಕ ಸರ್ಕಾರದ ರಹಸ್ಯ ಅಧ್ಯಯನವನ್ನು 1971ರಲ್ಲಿ ಪತ್ರಿಕೆಗೆ ತಲುಪಿಸಿದ ಡೇನಿಯಲ್ ಎಲ್ಸ್‌ಬರ್ಗ್ ಆ ಅಧ್ಯಯನದಲ್ಲಿ ಸ್ವತಃ ಕೆಲಸ ಮಾಡಿದ್ದವರು. ಆದ್ದರಿಂದಲೇ ಈ ಹೆಸರು ಅವರಿಗೆ ಸಂದಿತೇ ಹೊರತು ಅದನ್ನು ಅಚ್ಚು ಹಾಕಿದ ನ್ಯೂಯಾರ್ಕ್ ಟೈಮ್ಸ್‌ನ ವರದಿಗಾರರಿಗಲ್ಲ. ಕ್ರಿಮಿನಲ್ ಮೊಕದ್ದಮೆ ಎದುರಿಸಬೇಕಾಗಿ ಬಂದದ್ದೂ ಎಲ್ಸ್‌ಬರ್ಗ್ ಅವರೇ. ಅದು 1973ರಲ್ಲಿ ವಜಾಗೊಂಡಿತು. ಪೊಲೀಸರ ಬಾತ್ಮೀದಾರರ ಸಂಗತಿಯೇ ಬೇರೆ; ಅವರು ಸಾಮಾನ್ಯವಾಗಿ ಸುಳಿವು ಕೊಡುವುದು ಹಣಕ್ಕಾಗಿಯೋ ಶಿಕ್ಷೆಯಲ್ಲಿ ರಿಯಾಯಿತಿಗಾಗಿಯೋ, ಸಾರ್ವಜನಿಕರ ಮೇಲಿನ ಕಾಳಜಿಯಿಂದಲ್ಲ. ಇನ್ನು, ತನಗೆ ಬಡ್ತಿ ತಪ್ಪಿತೆಂದು ದೂರುವವರದು ಸ್ವಂತ ಅಹವಾಲು. ಅದು ನ್ಯಾಯವಾದದ್ದೇ ಆದರೂ ಈ ವರ್ಗಕ್ಕೆ ಸೇರದು.

ಎರಡನೆಯ ಉತ್ತರ

ಒಳಗಿನವರು ಎಂಬುದನ್ನು ಒಪ್ಪುತ್ತೇನೆ, ಆದರೆ ‘ಕಾಳಜಿಯಿಂದ’ ಎಂಬ ಷರತ್ತನ್ನು ಒಪ್ಪಲಾರೆ. ಮನಸ್ಸಿನೊಳಗಿನ ಉದ್ದೇಶವನ್ನು ಅಳೆಯಹೊರಟರೆ, ಆರೋಪ ಹೊತ್ತ ಸಂಸ್ಥೆಯು ಆರೋಪಕ್ಕೆ ಉತ್ತರಿಸುವುದನ್ನು ಬಿಟ್ಟು ದೂರಿದವರ ಚಾರಿತ್ರ್ಯವನ್ನೇ ಕೆದಕತೊಡಗುತ್ತದೆ. ವಿಷಲ್ ಬ್ಲೋವರ್‌ಗಳ ರಕ್ಷಣೆಗಾಗಿ ಐರೋಪ್ಯ ಒಕ್ಕೂಟ ಹೊರಡಿಸಿದ 2019ರ ನಿರ್ದೇಶನವು ಉದ್ದೇಶವನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ, ಕೊಡುವ ಹೊತ್ತಿಗೆ ಮಾಹಿತಿ ನಿಜವೆಂದು ನಂಬಲು ಸಕಾರಣವಿತ್ತೇ ಎಂಬುದನ್ನಷ್ಟೇ ಕೇಳುತ್ತದೆ. ಹಣದ ವಿಷಯವೂ ಹಾಗೆಯೇ. ಸರ್ಕಾರಕ್ಕೆ ವಂಚಿಸಿದವರ ವಿರುದ್ಧ ಸರ್ಕಾರದ ಪರವಾಗಿ ಖಾಸಗಿ ವ್ಯಕ್ತಿ ದಾವೆ ಹೂಡಲು ಅವಕಾಶ ಕೊಡುವ ಅಮೆರಿಕದ ಕಾಯ್ದೆ 1863ರಷ್ಟು ಹಳೆಯದು; ದಾವೆ ಗೆದ್ದರೆ ವಸೂಲಾದ ಮೊತ್ತದಲ್ಲಿ ಈಗ ಸಾಮಾನ್ಯವಾಗಿ ಶೇ 15ರಿಂದ 30ರಷ್ಟು ಪಾಲು ಅವರಿಗೆ ದೊರೆಯುತ್ತದೆ. ಪಾಲು ಪಡೆದರೆಂದು ಅವರು ಬಯಲಿಗೆಳೆದ ವಂಚನೆ ಸುಳ್ಳಾಗುವುದಿಲ್ಲವಲ್ಲ!

ಮೂರನೆಯ ಉತ್ತರ

‘ಬಯಲಿಗೆಳೆಯುವುದು’ ಎಂದೊಡನೆ ಪತ್ರಿಕೆಗೆ ಕೊಡುವುದೆಂದೇ ಭಾವಿಸಬೇಕಿಲ್ಲ. ಅಮೆರಿಕದ ಇಂಧನ ಕಂಪನಿ ಎನ್ರಾನ್‌ನ ಉಪಾಧ್ಯಕ್ಷೆಯಾಗಿದ್ದ ಶೆರನ್ ವಾಟ್ಕಿನ್ಸ್ 2001ರಲ್ಲಿ ಲೆಕ್ಕಪತ್ರಗಳ ಅವ್ಯವಹಾರದ ಬಗ್ಗೆ ಪತ್ರ ಬರೆದು ಎಚ್ಚರಿಸಿದ್ದು ತಮ್ಮದೇ ಅಧ್ಯಕ್ಷರನ್ನು. ಆ ಪತ್ರ ಬಹಿರಂಗವಾದದ್ದು ಕಂಪನಿ ದಿವಾಳಿಯೆದ್ದ ಮೇಲೆ, ಅಮೆರಿಕದ ಸಂಸತ್ತಿನ ತನಿಖೆಯ ವೇಳೆಯಲ್ಲಿ. ಹೊರಗಿನವರಿಗೆ ತಿಳಿಸದ ಅವರನ್ನು ವಿಷಲ್ ಬ್ಲೋವರ್ ಎನ್ನಲಾಗದೆಂದು ವಾದಿಸುವವರಿದ್ದಾರೆ. ಮೇಲಧಿಕಾರಿಯ ಮುಂದೆ ಅಕ್ರಮವನ್ನು ಲಿಖಿತವಾಗಿ ಇಡುವ ನೌಕರರು ಕೆಲಸ ಕಳೆದುಕೊಳ್ಳುವ ಅಪಾಯವನ್ನು ಅಷ್ಟೇ ಪ್ರಮಾಣದಲ್ಲಿ ಎದುರಿಸುವುದರಿಂದ, ಅವರನ್ನು ಹೊರಗಿಡಲು ನನಗೆ ಕಾರಣ ಕಾಣುತ್ತಿಲ್ಲ.