14 ವಾಗ್ದಾನದ ಚೀಟಿಗಳು: ಕಾಯುವುದು ನಂಬಿಕೆಯೋ, ಹಟವೋ?

ಮೂರನೇ ಸಾಲಿನವಳು:
ನನಗೆ 38 ವರ್ಷ. ಬೆಂಗಳೂರಿನ ಒಂದು ಕನ್ನಡ ಕ್ರೈಸ್ತ ಸಭೆಯಲ್ಲಿ (ಚರ್ಚಿನಲ್ಲಿ) ದೀಕ್ಷಾಸ್ನಾನ, ದೃಢೀಕರಣ ಎರಡೂ ಆಗಿ, ಕಲಿತ ಸಂಡೇ ಸ್ಕೂಲಿನಲ್ಲೇ ಈಗ ಮಕ್ಕಳಿಗೆ ಕಲಿಸುತ್ತಿದ್ದೇನೆ. ಮದುವೆಯಾಗಿಲ್ಲ. ಪ್ರತಿ ವರ್ಷ ಡಿಸೆಂಬರ್ 31ರ ರಾತ್ರಿಯ ಆರಾಧನೆ ಮುಗಿದ ಮೇಲೆ ನಮ್ಮಲ್ಲಿ ವಾಗ್ದಾನದ ಚೀಟಿ ತೆಗೆಯುವ ವಾಡಿಕೆಯಿದೆ. ಸ್ಟೀಲ್ ತಟ್ಟೆಯಲ್ಲಿ ಬೋರಲಾಗಿ ಹರಡಿದ ಚೀಟಿಗಳಲ್ಲಿ ಒಂದನ್ನು ಎತ್ತಿಕೊಂಡು, ಅದರಲ್ಲಿ ಅಚ್ಚಾಗಿರುವ ವಚನವನ್ನು ಆ ವರ್ಷಕ್ಕೆ ದೇವರು ತನಗೇ ಕೊಟ್ಟ ಮಾತೆಂದು ಪ್ರತಿಯೊಬ್ಬರೂ ಸ್ವೀಕರಿಸುತ್ತೇವೆ. ಕಳೆದ 14 ವರ್ಷಗಳ ಚೀಟಿಗಳು ನನ್ನ ಬೈಬಲ್ಲಿನೊಳಗಿವೆ. ಮೊನ್ನೆ ಅವನ್ನು ಊಟದ ಮೇಜಿನ ಮೇಲೆ ಸಾಲಾಗಿ ಇಟ್ಟು ನೋಡಿದೆ. ನಿಮ್ಮ ಕುರಿತು ನನಗಿರುವ ಆಲೋಚನೆಗಳು ಹಿತದ ಆಲೋಚನೆಗಳೇ ಎನ್ನುವ ಯೆರೆಮೀಯ 29:11 ಎರಡು ಸಲ ಬಂದಿದೆ. ಯೆಹೋವನಲ್ಲಿ ಸಂತೋಷಿಸಿದರೆ ಆತನು ನಮ್ಮ ಇಷ್ಟಾರ್ಥಗಳನ್ನು ನೆರವೇರಿಸುವನೆಂಬ ಕೀರ್ತನೆ 37:4 ಮೂರು ಸಲ ಬಂದಿದೆ. ಹಳೆಯ ಚೀಟಿಗಳ ಹಿಂಬದಿಯಲ್ಲಿ ನಾನೇ ಪೆನ್ಸಿಲಿನಿಂದ "ಈ ವರ್ಷ" ಎಂದು ಬರೆದುಕೊಂಡಿದ್ದೇನೆ. 2019ರ ನಂತರದವುಗಳ ಹಿಂದೆ ಏನೂ ಬರೆದಿಲ್ಲ.

ನನ್ನ ಪ್ರಶ್ನೆ ವರ ಯಾವಾಗ ಸಿಗುತ್ತಾನೆಂಬುದಲ್ಲ. ಆದ್ದರಿಂದ ದಯವಿಟ್ಟು ಯಾರೂ ಬಯೋಡೇಟಾ ಕಳುಹಿಸಬೇಡಿ. ಒಂದೇ ಬಿನ್ನಹವನ್ನು ಇಷ್ಟು ವರ್ಷ ದೇವರ ಮುಂದಿಡುತ್ತಿರುವುದು ಆತನ ಮೇಲಿನ ಭರವಸೆಯೋ, ಅಥವಾ ಆತನು ಎಂದೋ ಕೊಟ್ಟಿರುವ ಉತ್ತರವನ್ನು ಕೇಳಿಸಿಕೊಳ್ಳಲೊಲ್ಲದ ಹಟವೋ? ಕೇಳುವುದನ್ನು ನಿಲ್ಲಿಸಿದರೆ ಅದು ಅವಿಶ್ವಾಸವಾಗುತ್ತದೆಯೇ? ತಂದೆ ತೀರಿಕೊಂಡು ಮೂರು ವರ್ಷವಾದರೂ ಸದಸ್ಯ ಕುಟುಂಬದ ಕಾಣಿಕೆ ಬರೆದಿಡುವ ಸಭೆಯ ಚಂದಾ ಕಾರ್ಡು ಅವರ ಹೆಸರಿನಲ್ಲೇ ಇದೆ. ಬದಲಾಯಿಸಿಕೊಡಿ ಎಂದು ಕೇಳಿದಾಗ "ನಿಮ್ಮ ಮದುವೆಯಾದ ಮೇಲೆ ಹೊಸದು ಮಾಡಿದರಾಯಿತು" ಎಂಬ ಉತ್ತರ ಬಂತು. ದೇವರು ಮಾತ್ರವಲ್ಲ, ಸಭೆಯ ಕಚೇರಿಯೂ ನನ್ನನ್ನು ಕಾಯಿಸುತ್ತಿದೆ.

ಹಿರಿಯ ಸಭಿಕ:
ಸಹೋದರಿ, ನಿಲ್ಲಿಸಬೇಡಿ. ಬೇಸರಗೊಳ್ಳದೆ ಯಾವಾಗಲೂ ಪ್ರಾರ್ಥಿಸುತ್ತಿರಬೇಕೆಂದು ತಿಳಿಸುವುದಕ್ಕಾಗಿಯೇ ಕರ್ತನು ಅನ್ಯಾಯಗಾರನಾದ ನ್ಯಾಯಾಧಿಪತಿಯನ್ನು ಕಾಡಿದ ವಿಧವೆಯ ಸಾಮ್ಯವನ್ನು ಹೇಳಿದನು. ಹನ್ನಳು ಮಗುವಿಗಾಗಿ ವರ್ಷ ವರ್ಷವೂ ಅತ್ತಳು. ಇಸಾಕನಿಗೆ ರೆಬೆಕ್ಕಳು ದೊರೆತಾಗ ಅವನಿಗೆ 40 ವರ್ಷವಾಗಿತ್ತು. ಇನ್ನು ಐರ್ಲೆಂಡಿನ ಮಿಷನರಿ ಏಮಿ ಕಾರ್ಮೈಕಲ್ ಅವರನ್ನು ನೆನೆಯಿರಿ. ಬಾಲ್ಯದಲ್ಲಿ ನೀಲಿ ಕಣ್ಣು ಬೇಕೆಂದು ಪ್ರಾರ್ಥಿಸಿ, ಬೆಳಿಗ್ಗೆ ಕನ್ನಡಿಯಲ್ಲಿ ಕಂದು ಕಣ್ಣನ್ನೇ ಕಂಡು ಅತ್ತವರು ಅವರು. 1895ರಲ್ಲಿ ಭಾರತಕ್ಕೆ ಬಂದು, ಮೊದಲು ನಮ್ಮ ಬೆಂಗಳೂರಿನಲ್ಲೇ ಇದ್ದು, ಮುಂದೆ ತಮಿಳುನಾಡಿನ ದೋಹ್ನಾವೂರಿನಲ್ಲಿ ದೇವಸ್ಥಾನಗಳಿಗೆ ಒಪ್ಪಿಸಲ್ಪಡುತ್ತಿದ್ದ ಹೆಣ್ಣುಮಕ್ಕಳನ್ನು ಕಾಪಾಡಲು ಸೀರೆಯುಟ್ಟು ಓಡಾಡಿದಾಗ ಅವರನ್ನು ಪರದೇಶದವರೆಂದು ಯಾರೂ ಗುರುತಿಸದಂತೆ ಮಾಡಿದ್ದು ಆ ಕಂದು ಕಣ್ಣುಗಳೇ. ಅವರು ಮದುವೆಯಾಗಲಿಲ್ಲ, 1951ರಲ್ಲಿ ತೀರಿಕೊಳ್ಳುವವರೆಗೆ ಅಲ್ಲಿಯ ಮಕ್ಕಳಿಗೆಲ್ಲ ತಾಯಿಯಾಗಿದ್ದರು. ದೇವರ ಸಮಯ ನಮ್ಮ ಸಮಯವಲ್ಲ.

ಲೆಕ್ಕದ ಪುಸ್ತಕ:
ಈ ನೀಲಿ ಕಣ್ಣಿನ ಕತೆಯನ್ನು ಯೌವನಸ್ಥರ ಕೂಟಗಳಲ್ಲಿ ನಾನು ಕನಿಷ್ಠ ಹತ್ತು ಸಲ ಕೇಳಿದ್ದೇನೆ. ಕೊನೆ ಗೊತ್ತಿರುವುದರಿಂದಲೇ ಅದು ಕತೆಯಾಗಿದೆ. ನೀಲಿ ಕಣ್ಣು ಬೇಡಿ, ಸಿಗದೆ, ಆ ಸಿಗದಿರುವಿಕೆಯಿಂದ ಯಾವ ಉಪಯೋಗವೂ ಕಾಣದೆ ಸತ್ತ ಹುಡುಗಿಯ ವಿಷಯವನ್ನು ಯಾರೂ ವೇದಿಕೆಯ ಮೇಲೆ ಹೇಳುವುದಿಲ್ಲ. ಅವಳನ್ನೂ ದೇವರು ಪ್ರೀತಿಸಿದನೇ ಎಂಬುದೇ ಇಲ್ಲಿಯ ಪ್ರಶ್ನೆ.

ಎರಡನೆಯದಾಗಿ, ಎಲ್ಲವನ್ನೂ ದೇವರ ಸಮಯದ ಮೇಲೆ ಹೇರುವ ಮುನ್ನ ಸ್ವಲ್ಪ ಲೆಕ್ಕ ಹಾಕೋಣ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಕ್ರೈಸ್ತರು ಶೇ. 1.87, ಅಂದರೆ ಸುಮಾರು 11.4 ಲಕ್ಷ ಜನ. ಅವರಲ್ಲಿ ಕರಾವಳಿಯ ಕೊಂಕಣಿ ಕಥೋಲಿಕರಿದ್ದಾರೆ. ಬೆಂಗಳೂರಿನ ತಮಿಳು, ಮಲಯಾಳ, ತೆಲುಗು ಸಭೆಗಳವರಿದ್ದಾರೆ. ಕನ್ನಡ ಸಭೆಯ, ಹೊಂದುವ ವಯಸ್ಸಿನ, ಓದಿದ, ವಿಶ್ವಾಸದಲ್ಲಿರುವ ಗಂಡು ಬೇಕೆಂದು ಸೋಸುತ್ತಾ ಹೋದರೆ ಉಳಿಯುವವರು ಬೆರಳೆಣಿಕೆಯಷ್ಟೇ. ಅವರ ಮೇಲೂ ನಾವು ಇನ್ನೊಂದು ಜರಡಿ ಹಿಡಿಯುತ್ತೇವೆ. ಸ್ತ್ರೀಯರ ಕೂಟದಲ್ಲಿ ಕಣ್ಣೀರಿಟ್ಟು ನಮ್ಮ ಹುಡುಗಿಯರ ಮದುವೆಗಾಗಿ ಪ್ರಾರ್ಥಿಸಿದವರೇ, ಆಮೆನ್ ಆದ ಮೇಲೆ ಚಹಾ ಕುಡಿಯುತ್ತಾ "ಹುಡುಗನ ಮನೆಯವರು ಮೊದಲು ಯಾವ ಪೈಕಿ?" ಎಂದು ತಗ್ಗಿದ ದನಿಯಲ್ಲಿ ಕೇಳುತ್ತಾರೆ. ಅಜ್ಜನ ಕಾಲದಲ್ಲೇ ಕ್ರಿಸ್ತನಲ್ಲಿ ಹೊಸ ಸೃಷ್ಟಿಯಾದವರಿಗೆ ಜಾತಿ ಮಾತ್ರ ಹಳೆಯದೇ ಉಳಿದಿದೆ. ದೇವರು ಬಾಗಿಲು ತೆರೆಯಲಿಲ್ಲವೆನ್ನುವಾಗ, ಎಷ್ಟು ಬಾಗಿಲುಗಳ ಚಿಲಕ ಒಳಗಡೆಯಿಂದ ನಾವೇ ಹಾಕಿದ್ದು ಎಂಬುದನ್ನೂ ಹೇಳಬೇಕಲ್ಲವೇ?

ಶಿವಾಜಿನಗರದವನು:
ನಾನು ಕಥೋಲಿಕ, 41 ವರ್ಷದ ಅವಿವಾಹಿತ. ಆಗಸ್ಟ್ 29ರ ಧ್ವಜಾರೋಹಣದಿಂದ ಸೆಪ್ಟೆಂಬರ್ 8ರ ತೇರಿನವರೆಗೆ ಸಂತ ಮರಿಯಮ್ಮನವರ ಬೆಸಿಲಿಕಾದ ನವದಿನ ಪ್ರಾರ್ಥನೆಗೆ ಕಾವಿ ಬಟ್ಟೆ ತೊಟ್ಟು ಹೋಗುವುದನ್ನು ಚಿಕ್ಕಂದಿನಿಂದ ತಪ್ಪಿಸಿಲ್ಲ. ನಿಮ್ಮಲ್ಲಿ ಬ್ರಹ್ಮಚರ್ಯಕ್ಕೆ ಗೌರವವಿದೆ, ನಮ್ಮಲ್ಲಿ ಇಲ್ಲ ಎಂದು ಪ್ರೊಟೆಸ್ಟೆಂಟ್ ಗೆಳೆಯರು ಹೇಳುವುದುಂಟು. ಆ ಗೌರವ ಗುರುಗಳಿಗೆ, ಕನ್ಯಾಸ್ತ್ರೀಯರಿಗೆ. ಯಾವ ವ್ರತವನ್ನೂ ತೊಡದೆ, ಸುಮ್ಮನೆ ಮದುವೆಯಾಗದೆ ಉಳಿದು, ಆಫೀಸಿಗೆ ಹೋಗಿಬರುವವನಿಗೆ ನಮ್ಮಲ್ಲೂ ಹೆಸರಿಲ್ಲ.

ನನ್ನ ತಾಯಿ ಪ್ರತಿ ಗುರುವಾರ ವಿವೇಕನಗರದ ಬಾಲಯೇಸುವಿನ ದೇವಾಲಯಕ್ಕೆ ಹೋಗಿ ನನ್ನ ಹೆಸರಿನಲ್ಲಿ ಮೇಣದಬತ್ತಿ ಹಚ್ಚುತ್ತಾರೆ. ಕಳೆದ ತಿಂಗಳು ಮಂಡಿನೋವಿದ್ದುದರಿಂದ ನಾನೇ ಬೈಕಿನಲ್ಲಿ ಕರೆದುಕೊಂಡು ಹೋಗಿದ್ದೆ. ಬತ್ತಿ ನೆಟ್ಟಗೆ ನಿಲ್ಲದೆ ಎರಡು ಸಲ ಬಿತ್ತು. ಪಕ್ಕದ ಬತ್ತಿಯ ಕರಗಿದ ಮೇಣವನ್ನು ಬುಡಕ್ಕೆ ಹನಿಸಿ, ಬೆರಳು ಸುಟ್ಟುಕೊಂಡು, ಅವರು ಅದನ್ನು ನಿಲ್ಲಿಸಿದರು. ಇನ್ನೂ ನನ್ನ ಮದುವೆಯನ್ನೇ ಕೇಳುತ್ತಿದ್ದೀಯಾ ಎಂದೆ. "ಅದನ್ನು ಬಿಟ್ಟು ಎರಡು ವರ್ಷವಾಯಿತು. ನಾನು ಹೋದ ಮೇಲೆ ನಿನಗೆ ಜ್ವರ ಬಂದರೆ ಒಂದು ಲೋಟ ಗಂಜಿ ಕಾಯಿಸಿ ಕೊಡುವವರು ಯಾರಾದರೂ ಇರಲಿ ಎಂದು ಕೇಳುತ್ತಿದ್ದೇನೆ" ಎಂದರು. ತಾಯಿ ಕೇಳುವುದನ್ನು ನಿಲ್ಲಿಸಲಿಲ್ಲ, ಕೇಳುವುದು ಬೇರೆಯಾಯಿತು. ಈ ಪ್ರಾರ್ಥನೆಗೆ ಉತ್ತರ ಕೊಡಲು ದೇವರಿಗೆ ಹೆಂಡತಿಯೊಬ್ಬಳೇ ದಾರಿಯಲ್ಲ. ನನ್ನ ಬೀದಿಯ ಅನ್ಬಿಯಂ (ನೆರೆಹೊರೆಯ ಕಥೋಲಿಕ ಕುಟುಂಬಗಳ) ಕೂಟದವರೂ ಕೊಡಬಹುದು, ಅವರಿಗೆ ಮನಸ್ಸಿದ್ದರೆ.

ದೇವಶಾಸ್ತ್ರದ ವಿದ್ಯಾರ್ಥಿ:
ಚೀಟಿಯ ವಿಷಯದಲ್ಲಿ ಒಂದು ಮಾತು. ಯೆರೆಮೀಯ 29:11 ಬಾಬೆಲಿಗೆ ಸೆರೆಯಾಗಿ ಹೋದವರಿಗೆ ಬರೆದ ಕಾಗದದ ಸಾಲು. ಅದರ ಹಿಂದಿನ ವಚನದಲ್ಲೇ 70 ವರ್ಷಗಳು ತುಂಬಿದ ಮೇಲೆ ಎಂಬ ಮಾತಿದೆ, ಅಂದರೆ ಆ ಕಾಗದವನ್ನು ಕೇಳಿಸಿಕೊಂಡ ದೊಡ್ಡವರಲ್ಲಿ ಹೆಚ್ಚಿನವರು ಊರಿಗೆ ಮರಳದೆ ಅಲ್ಲೇ ಮಣ್ಣಾಗಬೇಕಿತ್ತು. ಅದೇ ಕಾಗದ ಮನೆ ಕಟ್ಟಿಕೊಳ್ಳಿರಿ, ತೋಟ ಮಾಡಿಕೊಳ್ಳಿರಿ, ನೀವಿರುವ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ ಎನ್ನುತ್ತದೆ. (ಮದುವೆ ಮಾಡಿಕೊಳ್ಳಿರಿ ಎಂದೂ ಹೇಳುತ್ತದೆ, ಒಪ್ಪುತ್ತೇನೆ; ಆದರೆ ಹಾಗೆ ಬರೆದ ಯೆರೆಮೀಯನಿಗೇ ನೀನು ಮದುವೆಯಾಗಬೇಡವೆಂದು 16ನೆಯ ಅಧ್ಯಾಯದಲ್ಲಿ ಅಪ್ಪಣೆಯಾಗಿದೆ.) ಇಷ್ಟೆಲ್ಲವನ್ನೂ ಒಂದು ಸಾಲಿಗೆ ಕತ್ತರಿಸಿ, ಗುಲಾಬಿ ಹೂವಿನ ಚಿತ್ರ ಹಾಕಿ ತಟ್ಟೆಯಲ್ಲಿಟ್ಟದ್ದು ನಾವು, ದೇವರಲ್ಲ. ಆದ್ದರಿಂದ ಚೀಟಿ ಹುಸಿಯಾದರೆ ದೇವರ ಮಾತು ಹುಸಿಯಾಯಿತೆಂದು ಅರ್ಥವಲ್ಲ.

ಹನ್ನಳ ಕತೆಯನ್ನೂ ನಾವು ಅವಸರದಲ್ಲಿ ಓದುತ್ತೇವೆ. ತುಟಿ ಮಾತ್ರ ಅಲುಗಾಡುತ್ತಿದ್ದುದನ್ನು ಕಂಡು ಯಾಜಕನಾದ ಏಲಿಯು ಅವಳು ಕುಡಿದಿದ್ದಾಳೆಂದು ಗದರಿಸಿದನು. ಆಮೇಲೆ ಆಶೀರ್ವದಿಸಿದಾಗಲೂ ಅವಳು ಕೇಳಿದ್ದೇನೆಂದು ಅವನಿಗೆ ಗೊತ್ತಿರಲಿಲ್ಲ. ಆದರೂ ಅವಳು ಎದ್ದು ಹೋಗಿ ಊಟಮಾಡಿದಳು, ಅವಳ ಮುಖದಲ್ಲಿ ಮತ್ತೆ ದುಃಖ ಕಾಣಲಿಲ್ಲ. ಸಮುವೇಲನು ಹುಟ್ಟಿದ್ದು ಅದಾದ ನಂತರ.

ಹಿರಿಯ ಸಭಿಕ:
ಅವಳ ಮುಖ ತಿಳಿಯಾದದ್ದು ದೇವರು ಕೊಡುತ್ತಾನೆಂಬ ನಿಶ್ಚಯದಿಂದ. ಆ ನಿಶ್ಚಯವನ್ನು ತೆಗೆದುಬಿಟ್ಟರೆ ಉಳಿಯುವುದು ಬರೀ ಸಹನೆ, ಅದಕ್ಕೆ ದೇವರೇ ಬೇಕಿಲ್ಲ. ಪೌಲನ ಶರೀರದ ಶೂಲದ ವಿಷಯವನ್ನು ಮುಂದೆ ಯಾರಾದರೂ ಎತ್ತಬಹುದೆಂದು ಈಗಲೇ ಹೇಳುತ್ತೇನೆ: ಆ ಬಾಧೆಯನ್ನು ತೊಲಗಿಸೆಂದು ಪೌಲನು ಮೂರು ಸಲ ಬೇಡಿಕೊಂಡು ನಿಲ್ಲಿಸಿದ್ದು, ನನ್ನ ಕೃಪೆಯೇ ನಿನಗೆ ಸಾಕು ಎಂದು ಕರ್ತನು ಬಾಯಿಬಿಟ್ಟು ಹೇಳಿದ ಮೇಲೆ. ಈ ಸಹೋದರಿಗೆ ಹಾಗೆ ಇಲ್ಲವೆಂದು ಹೇಳಿದವರು ಯಾರು? ಇಲ್ಲವೆಂಬ ಮಾತು ಬಾರದಿರುವವರೆಗೆ ಕೇಳುವ ಹಕ್ಕು ಅವರಿಗಿದೆ.

ಉತ್ತರ ಸಿಕ್ಕವಳು:
ನನಗೆ ಉತ್ತರ 27ನೆಯ ವಯಸ್ಸಿನಲ್ಲೇ ಸಿಕ್ಕಿತು. 21 ದಿನದ ಉಪವಾಸ ಪ್ರಾರ್ಥನೆ ಮುಗಿದ ವಾರದಲ್ಲೇ ಸಂಬಂಧ ಬಂದುದರಿಂದ, ಸಭೆಯಲ್ಲಿ ನಿಂತು ಸಾಕ್ಷಿ ಹೇಳಿದೆ, ಎಲ್ಲರೂ ಹಲ್ಲೆಲೂಯ ಎಂದರು. ಈಗ ಮಗುವಿನೊಂದಿಗೆ ತಾಯಿಯ ಮನೆಯಲ್ಲಿದ್ದೇನೆ. ಏಕೆಂದು ಇಲ್ಲಿ ಬರೆಯುವುದಿಲ್ಲ. ನನ್ನನ್ನು ಯಾರೂ ಸಾಕ್ಷಿ ಹೇಳಲು ಕರೆಯುವುದಿಲ್ಲ. ಕರೆದರೆ ಹೇಳಲು ಈಗ ನನ್ನಲ್ಲಿ ಆಗಿನದಕ್ಕಿಂತ ಹೆಚ್ಚು ಇದೆ.

ಮೂರನೇ ಸಾಲಿನವಳು:
ಎಲ್ಲರಿಗೂ ವಂದನೆಗಳು. ಕೊನೆಯದಾಗಿ ಬರೆದ ಸಹೋದರಿಯ ಮಾತುಗಳನ್ನು ಮೂರು ಸಲ ಓದಿದೆ.

ಮೊದಲು ಬರೆಯದೆ ಬಿಟ್ಟಿದ್ದ ಒಂದು ವಿಷಯವನ್ನು ಹೇಳಬೇಕು. ನನಗೆ 31 ವರ್ಷವಿದ್ದಾಗ ಆಫೀಸಿನ ಸಹೋದ್ಯೋಗಿಯೊಬ್ಬರು ಮದುವೆಯ ಮಾತೆತ್ತಿದರು. ಒಳ್ಳೆಯವರು, ಆದರೆ ಕ್ರೈಸ್ತರಲ್ಲ. ನಂಬಿಕೆಯಿಲ್ಲದವರೊಂದಿಗೆ ಇಜ್ಜೋಡಾಗಬೇಡಿರಿ ಎಂಬ ವಚನವನ್ನು ಹಿಡಿದುಕೊಂಡು, ಕಬ್ಬನ್ ಪಾರ್ಕಿನ ಬೆಂಚಿನ ಮೇಲೆ ಕುಳಿತು ಅವರಿಗೆ ಆಗುವುದಿಲ್ಲವೆಂದು ಹೇಳಿದೆ. ಅದಕ್ಕಾಗಿ ಪಶ್ಚಾತ್ತಾಪವಿಲ್ಲ. ಆದರೆ ನಾನು ಆ ದಿನ ಒಳಗೊಳಗೇ ಒಂದು ಲೆಕ್ಕ ಬರೆದಿಟ್ಟೆನೆಂದು ಈಗ ತಿಳಿಯುತ್ತಿದೆ: ನಿನಗಾಗಿ ಇವರನ್ನು ಬಿಟ್ಟಿದ್ದೇನೆ, ಬದಲಿಗೆ ಇನ್ನೊಬ್ಬರನ್ನು ಕೊಡುವುದು ನಿನ್ನ ಬಾಕಿ. ಏಳು ವರ್ಷಗಳಿಂದ ನಾನು ಪ್ರಾರ್ಥಿಸುತ್ತಿದ್ದೆನೋ, ಸಾಲ ವಸೂಲಿಗೆ ಹೋಗುತ್ತಿದ್ದೆನೋ ಎಂದು ನನಗೇ ಸಂಶಯವಾಗಿದೆ. ಸಭೆಯವರು ಇದನ್ನು ದೇವರ ತಡವೆನ್ನುತ್ತಾರೆ. ತಡವೆಂದರೆ ಬರುವುದು ಖಚಿತವೆಂದಾಯಿತು. ನನಗೆ ಆ ಖಚಿತವಿಲ್ಲ. ಖಚಿತವಿಲ್ಲದೆಯೂ ಆತನನ್ನು ನಂಬಲು ಸಾಧ್ಯವೇ ಎಂದು ಹಿರಿಯರನ್ನು ಕೇಳುತ್ತೇನೆ.

ದೇವಶಾಸ್ತ್ರದ ವಿದ್ಯಾರ್ಥಿ:
ಹಿರಿಯರಿಗಿಂತ ಮೊದಲು ನಾನೇ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಕನ್ನಡದಲ್ಲಿ ಬಸ್ಸಿಗೂ ಕಾಯುತ್ತೇವೆ, ರಾಗಿ ಹೊಲವನ್ನೂ ಕಾಯುತ್ತೇವೆ. ಬಸ್ಸು ಬಾರದಿದ್ದರೆ ಕಾದದ್ದು ದಂಡ. ಹೊಲ ಕಾಯುವವನಿಗೆ ರಾತ್ರಿಯಿಡೀ ಯಾವ ಹಂದಿಯೂ ಬಾರದೆ, ಏನೂ ನಡೆಯದೆ ಬೆಳಗಾದರೆ ಅದು ದಂಡವಲ್ಲ, ಅವನ ಕೆಲಸವೇ ಅದು. ಕೀರ್ತನೆ 130 ಬೆಳಗನ್ನು ಎದುರುನೋಡುವ ಕಾವಲುಗಾರರ ಹೋಲಿಕೆ ಕೊಡುವಾಗ ಈ ಎರಡೂ ಅರ್ಥಗಳು ಒಟ್ಟಿಗೆ ಬರುತ್ತವೆ. ಇನ್ನು ಕೀರ್ತನೆ 121ರಲ್ಲಿ ತೂಕಡಿಸದೆ ನಿದ್ರಿಸದೆ ಕಾಯುವವನು ದೇವರೇ. ನೀವು ಆತನಿಗಾಗಿ ಕಾಯುತ್ತಿರುವಾಗ ಆತನು ನಿಮ್ಮನ್ನು ಕಾಯುತ್ತಿದ್ದಾನೆ ಎನ್ನಲು ನಮ್ಮ ಭಾಷೆಗೆ ಒಂದೇ ಕ್ರಿಯಾಪದ ಸಾಕು.

ಲೆಕ್ಕದ ಪುಸ್ತಕ:
ಹೆಂಚೂ ಕಾಯುತ್ತದೆ, ಸ್ವಾಮಿ. ಆ ಅರ್ಥವನ್ನು ಬಿಡಬೇಡಿ. ಇವರು 14 ವರ್ಷದಿಂದ ಕಾದಿರುವುದು ಆ ಅರ್ಥದಲ್ಲೂ ಹೌದು.

ಹಿರಿಯ ಸಭಿಕ:
ಸಹೋದರಿಯ ಪ್ರಶ್ನೆಗೆ ಎರಡು ದಿನ ಉತ್ತರ ಬರೆಯಲಾಗಲಿಲ್ಲ. ಇಬ್ರಿಯರಿಗೆ ಬರೆದ ಪತ್ರಿಕೆಯ 11ನೆಯ ಅಧ್ಯಾಯವನ್ನು ಮತ್ತೆ ಓದಿದೆ. ಅಲ್ಲಿಯ ಪೂರ್ವಿಕರ ಪಟ್ಟಿಯಲ್ಲಿರುವವರೆಲ್ಲ ನಂಬಿಕೆಯ ನಿಮಿತ್ತ ಒಳ್ಳೆಯ ಸಾಕ್ಷಿ ಹೊಂದಿದವರಾದರೂ ವಾಗ್ದಾನದ ಫಲವನ್ನು ಹೊಂದಲಿಲ್ಲವೆಂದು 39ನೆಯ ವಚನ ಹೇಳುತ್ತದೆ. ಅದನ್ನು ನಾನು ಎಷ್ಟೋ ಸಲ ಸಭೆಯ ಮುಂದೆ ಓದಿದ್ದೇನೆ, ಆದರೆ ನಿಂತು ನೋಡಿರಲಿಲ್ಲ. ನಿಮ್ಮ ಖಚಿತವಿಲ್ಲದ ನಂಬಿಕೆಯನ್ನು ಅವಿಶ್ವಾಸವೆಂದು ಕರೆಯುವ ಧೈರ್ಯ ನನಗಿಲ್ಲ. ಕೇಳುತ್ತಲೇ ಇರಬೇಕೆಂಬ ನನ್ನ ಮಾತನ್ನು ಮಾತ್ರ ಹಿಂತೆಗೆದುಕೊಳ್ಳುವುದಿಲ್ಲ. ವಸೂಲಿಗೆ ಹೋದರೂ ಆತನ ಬಾಗಿಲಿಗೇ ಹೋದಿರಲ್ಲ.

ಕಾರ್ಡಿನ ವಿಷಯದಲ್ಲಿ ನಿಮ್ಮ ಕಚೇರಿಯವರು ಹೇಳಿದ್ದು ತಪ್ಪು. ನಾನು ನಮ್ಮ ಸಭೆಯ ಸಮಿತಿಯಲ್ಲಿ ಬಹಳ ವರ್ಷ ಇದ್ದವನು. ದೃಢೀಕರಣ ಪಡೆದು ಕರ್ತನ ಭೋಜನದಲ್ಲಿ ಪಾಲುಗೊಳ್ಳುವ ಪ್ರತಿಯೊಬ್ಬರೂ ಸ್ವತಂತ್ರ ಸದಸ್ಯರೇ, ಮದುವೆಗೂ ಅದಕ್ಕೂ ಸಂಬಂಧವಿಲ್ಲ. ಸಭಾಪಾಲಕರಾದ ಅಯ್ಯನವರಿಗೆ ಒಂದು ಅರ್ಜಿ ಬರೆದುಕೊಡಿ, ಮಾತಿನಲ್ಲಿ ಕೇಳಬೇಡಿ.

ಮೂರನೇ ಸಾಲಿನವಳು:
ಅರ್ಜಿ ಕೊಟ್ಟೆ. ಮೂರನೆಯ ಭಾನುವಾರ ಕಾರ್ಡು ಸಿಕ್ಕಿತು, ಚಂದಾ ತಂದೆಯವರು ಕೊಡುತ್ತಿದ್ದಷ್ಟೇ ಬರೆಸಿದ್ದೇನೆ. ಮೇಲೆ ನನ್ನ ಹೆಸರು, ಅದರ ಕೆಳಗೆ ಕುಟುಂಬದ ಸದಸ್ಯರೆಂದು ಐದು ಖಾಲಿ ಗೆರೆಗಳಿವೆ. ಗುಮಾಸ್ತರು ಸ್ಕೇಲು ಇಟ್ಟು ಅವುಗಳ ಮೇಲೆ ಅಡ್ಡಗೆರೆ ಎಳೆಯಲು ಹೊರಟರು. ಹಾಗೇ ಬಿಡಿ ಎಂದೆ.